ಹಳೇ ಪ್ಯಾಟರ್ನಿನ ಇಬ್ಬರು

ಎಟಿಕೆಟಿ ಅಂದರ ಏನs ಅಂತ ಅವ್ವ ಕೇಳಿದಳು.
ಮುಂದಿನ ವರ್ಗಕ್ಕ ಹೋಗಬಹುದು,
ಹಿಂದಿಂದು ಬಗಲಾಗ ಹೊತಗೊಂಡು, ಅಂದೆ.
'ಹಂಗಾರ ನೀ ಪಾಸೋ ನಪಾಸೋ?'
ಎರಡೂ.
ಅವ್ವ ಬೀಡಿಯ ತುದಿ ಮಡಚಿ ಸುಮ್ಮನಾದಳು.
ಎರಡೂ ಅನ್ನೂ ಮಾಲು
ಆಕಿಯ ಕಾರಖಾನ್ಯಾಗ ಇಲ್ಲ.

ಅಲ್ಲಿ ಸಂಜಿಕ ಚೆಕರ್ ಕುಂತಿರತಾನ.
ಬುಟ್ಟಿ ಸುರವಿದರ ಸಾಕು, ಅವನ ಬೆರಳು ಓಡತಾವ:
ಸಡ್ಲಾದದ್ದು, ಸಣ್ಣಾದದ್ದು, ಎಲಿ ಸೀಳಿದ್ದು,
ಛಾಟ್, ಛಾಟ್, ಛಾಟ್.
ಬದಿಗೆ ಒಗದು ಬಿಡೂದಿಲ್ಲ, ಮುರಿತಾನ;
ನಾಳಿ ಅದನ್ನs ಮತ್ತ ತಂದಾಳು ಅಂತ.
ಮುರದ ತಂಬಾಕದ ರೊಕ್ಕ
ಅವ್ವನ ಪಗಾರದಾಗ ಕಟ್.

ನಂದು ಸಂಖ್ಯಾಶಾಸ್ತ್ರ, ಮೂರನೇ ಪೇಪರ್.
ಬೇಕಾದದ್ದು ನಲವತ್ತು, ಬಂದದ್ದು ಮೂವತ್ತೆಂಟು.
ಪುನಃ ತಪಾಸಣಿಗೆ ಅರ್ಜಿ ಹಾಕಿದೆ.
ಉತ್ತರ ಬರೂದರೊಳಗ
ಮರುಪರೀಕ್ಷಾದ ಫಾರ್ಮಿನ ಕಡೀ ದಿನ ಬಂತು.
ಅದನ್ನೂ ತುಂಬಬೇಕಂತ.
ನಾ ಪಾಸ್ ಆಗೇನಿ ಅಂತ ಒಂದು ಅರ್ಜಿ,
ನಾ ನಪಾಸ್ ಇದ್ದೇನಿ ಅಂತ ಒಂದು ಅರ್ಜಿ.
ಅದs ಖಿಡಕಿ, ಅದs ಪೆನ್ನು,
ಎರಡೂ ರಸೀದಿಗೆ ಕ್ಲಾರ್ಕ್ ಗಾಯಕವಾಡರ ಒಂದs ಸಹಿ.
'ಯಾವುದು ಖರೆ ಆದರೂ
ಇನ್ನೊಂದರ ರೊಕ್ಕ ತಿರುಗಿ ಸಿಗೂದಿಲ್ಲ, ತಂಗಿ'
ಅಂದರು ಮರಾಠಿಯಾಗ, ಭಾಳ ಮೆತ್ತಗ.
ಎಣಿಸಿದೆ:
ನನ್ನ ಎರಡು ಅಂಕಕ್ಕ ಅವ್ವನ ನಾಲ್ಕು ಸಾವಿರ ಬೀಡಿ.

ಪರೀಕ್ಷಾದ ದಿನ ಮೈಂದರ್ಗಿ ಗಾಡಿ ತಡ ಆತು.
ಸಾತ್ ರಸ್ತಾದಿಂದ ಓಡಿದೆ.
ಕ್ವಾಣಿ ತುಂಬ ಸಣ್ಣ ತರಗತಿಯವರು,
ಹೊಸ ಸಿಲ್ಯಾಬಸ್, ಹೊಸ ಕಂಪಾಸು.
ಒಬ್ಬಾಕಿ ನನಗ 'ಮೇಡಂ' ಅಂತ ಎದ್ದು ನಿಂತಳು.
ನಾ ಕಡೀ ಬಾಕಿಗೆ ಹೋದೆ.
ಅಲ್ಲಿ ದಸ್ತಗೀರ ಮುಜಾವರ, ನಾಲ್ಕನೇ ಸಲ,
ರಾತ್ರಿಪಾಳಿ ಮುಗಿಸಿ ಪೆಟ್ರೋಲ್ ಪಂಪಿನಿಂದ ನೆಟ್ಟಗ ಬಂದಾನ.
ಅವನ ಹಾಲ್‌ಟಿಕೇಟಿಗೂ ಪೆಟ್ರೋಲ್ ವಾಸನಿ.

ಹಳೇ ಪ್ಯಾಟರ್ನಿನ ಪಾಕೀಟು ಒಡದರು.
ಅಷ್ಟು ಅರಗು, ಅಷ್ಟು ದಾರ, ಒಳಗ ಎರಡs ಹಾಳಿ.

ಮೂರನೇ ಪ್ರಶ್ನೆ:
ಒಂದು ಚೀಲದಾಗ ಏಳು ಕೆಂಪು ಗೋಲಿ, ಐದು ಬಿಳಿ.
ಒಂದಾದ ಮ್ಯಾಲೆ ಒಂದು, ಎರಡು ತೆಗೆದರ
ಎರಡೂ ಕೆಂಪು ಬರುವ ಸಂಭವ ಎಷ್ಟು?
ಮೊದಲು ತೆಗೆದದ್ದು ತಿರುಗಿ ಹಾಕಿಯೋ, ಹಾಕದೆಯೋ?
ಅದು ಅಚ್ಚಾಗಿರಲಿಲ್ಲ.
ಕೈ ಎತ್ತಿದೆ. ಬಾಯಿ ವಿದ್ಯಾಪೀಠಕ್ಕ ಫೋನ್ ಹಚ್ಚಿದರು.
ಗಂಟಿ ಹೊಡೀತು, ಹೊಡೀತs ಇತ್ತು.
ಇಬ್ಬರ ಸಲುವಾಗಿ ಯಾರು ಎತ್ತತಾರ?

ಎರಡೂ ಬಿಡಿಸಿದೆ.
ಹಾಕದಿದ್ದರ ಇಪ್ಪತ್ತೆರಡರಾಗ ಏಳು.
ತಿರುಗಿ ಹಾಕಿದರ ನೂರಾ ನಲವತ್ನಾಲ್ಕರಾಗ ನಲವತ್ತೊಂಬತ್ತು.
ಭಾಗಿಸಿ ನೋಡಿದೆ ಬದಿಗೆರಿಯಾಗ:
ತಿರುಗಿ ಹಾಕಿದರ ಒಂದು ಕೂದಲೆಳಿ ಜಾಸ್ತಿ.
ಅಷ್ಟs.

ದಸ್ತಗೀರ ತಾಸು ಮೊದಲs ಎದ್ದ.
'ನೀ ಯಾವುದು ಬರದಿ?' ಬಾಗಲದಾಗ ಪಿಸುಗುಟ್ಟಿದ.
ಎರಡೂ, ಅಂದೆ.
'ನಾ ಚೀಲದಾಗ ಕೈ ಹಾಕಿ ಮಲಕೊಂಡಿದ್ದೆ'
ಅಂತ ನಕ್ಕು ಸೈಕಲ್ಲಿನ ಕೀಲಿ ಹುಡುಕಿದ.

ರಾತ್ರಿ ಅವ್ವಗ ಲೆಕ್ಕ ತಿಳಿಸಲಿಕ್ಕೆ
ಇಪ್ಪತ್ತೈದರ ಕಟ್ಟಿನಿಂದ ಒಂದು ಬೀಡಿ ತೆಗದೆ,
ತೋರಿಸಿದೆ, ಮತ್ತ ಒಳಗ ಇಟ್ಟೆ.
ನೋಡು, ಈಗ ಮತ್ತ ಇಪ್ಪತ್ತೈದು.
ಅವ್ವ ಆ ಕಟ್ಟು ಕಸಗೊಂಡು ದಾರ ಬಿಗಿ ಮಾಡಿದಳು.
'ಎರಡನೇ ಸಲ ನೋಡಿದರ
ಛಾಟಿನಾಗ ಅರ್ಧ ಚಲೋವs ಇರತಾವ.
ಅವಗೂ ಗೊತ್ತೈತಿ.
ಅದಕ್ಕs ಮುರಿತಾನ.'

ಆಮ್ಯಾಲೆ ಕತ್ತರಿ ಹುಡುಕಿದಳು.
ಅದು ಆಕಿಯ ತೊಡಿ ಕೆಳಗs ಇತ್ತು.